ಕಡಿದಷ್ಟೂ ಚಿಗುರುವ ಬಿದಿರು: ಆಸಿಡ್ ಬೇಡ, ಕಾಲ ನೋಡಿ ಕಡಿಯಿರಿ

ಪ್ರಶ್ನೆ: ನಮ್ಮದು ಚಿಂತಾಮಣಿಯ ಅಂಚಿನಲ್ಲಿ 40×60 ನಿವೇಶನದ ಮನೆ. ಹನ್ನೆರಡು ವರ್ಷದ ಹಿಂದೆ ನಮ್ಮ ಮಾವನವರು ಮುಂದಿನ ಕಾಂಪೌಂಡಿನ ಮೂಲೆಯಲ್ಲಿ ಹಳದಿ ಬಿದಿರಿನ ಎರಡು ಸಸಿ ನೆಟ್ಟಿದ್ದರು. ಅದೀಗ ದೊಡ್ಡ ಮೆಳೆಯಾಗಿದೆ. ಗೋಡೆ ಬಿರುಕು ಬಿಟ್ಟಿದೆ, ಗಳಗಳು ಕರೆಂಟಿನ ತಂತಿಯ ಹತ್ತಿರ ಹೋಗಿವೆ. ಹಿತ್ತಲಲ್ಲಿ ಸಂಪಿನ ಪಕ್ಕ ಮರೆಗಾಗಿ ನಾಲ್ಕು ವರ್ಷದ ಹಿಂದೆ ನರ್ಸರಿಯಿಂದ ತಂದು ನೆಟ್ಟ ಸಣ್ಣ ಬಿದಿರು ಇನ್ನೊಂದಿದೆ. ಅದು ಹಾಸುಗಲ್ಲಿನ ಸಂದಿಯಲ್ಲೂ ಪಕ್ಕದ ಮನೆಯವರ ತರಕಾರಿ ಮಡಿಯಲ್ಲೂ ಏಳುತ್ತಿದೆ. ಇದರಿಂದ ಮಾತಿಗೆ ಮಾತು ಬೆಳೆದಿದೆ. ಪ್ರತಿ ಬೇಸಿಗೆಯಲ್ಲಿ ಅರ್ಧದಷ್ಟನ್ನು ಬುಡಕ್ಕೆ ಕಡಿಸುತ್ತೇವೆ. ಮಳೆ ಬಂದರೆ ಮತ್ತೆ ಅಷ್ಟೇ ಮೊಳಕೆ. ಕಲ್ಲುಪ್ಪು ಸುರಿದದ್ದೂ ಆಯಿತು. ಈಗ ಆಸಿಡ್ ಹಾಕಿ ಎನ್ನುತ್ತಿದ್ದಾರೆ, ಒಂದು ಬಾಟಲಿ ತಂದಿಟ್ಟಿದ್ದೇವೆ. ಜೆಸಿಬಿ ಒಳಗೆ ಬರಲು ದಾರಿಯಿಲ್ಲ. ಅತ್ತೆಯವರಿಗೆ ಬಿದಿರು ತೆಗೆಯುವುದೇ ಇಷ್ಟವಿಲ್ಲ. ಏನು ಮಾಡಬೇಕು?

ಉತ್ತರ: ಆ ಆಸಿಡ್ ಬಾಟಲಿಯನ್ನು ತಂದ ಅಂಗಡಿಗೇ ಹಿಂದಿರುಗಿಸಿ. ಶೌಚಾಲಯ ತೊಳೆಯುವ ಆಸಿಡ್ ಮಣ್ಣಿಗೆ ಬಿದ್ದೊಡನೆ ತನ್ನ ಕಸುವನ್ನು ಬಹುಪಾಲು ಕಳೆದುಕೊಳ್ಳುತ್ತದೆ, ಗೆಡ್ಡೆಯ ಒಳಗೆ ಇಳಿಯುವುದಿಲ್ಲ. ಆದರೆ ಸುಣ್ಣ, ಸಿಮೆಂಟು ಸಿಕ್ಕರೆ ಅದು ಸುಮ್ಮನಿರುವುದಿಲ್ಲ. ಬಿರುಕು ಬಿಟ್ಟ ಗೋಡೆಯ ಅಡಿಪಾಯದಲ್ಲಿರುವ ಗಾರೆಯನ್ನೂ ಸಂಪಿನ ಒಳಗಿಲಾವನ್ನೂ ತಿನ್ನುತ್ತದೆ. ಬಿದಿರು ಉಳಿದು ಗೋಡೆ ಹೋಗುವ ಉಪಾಯ ಅದು. ಕಲ್ಲುಪ್ಪಿನ ಕಥೆಯೂ ಹೆಚ್ಚು ಬೇರೆಯಲ್ಲ. ಬಿದಿರು ಸಾಯುವಷ್ಟು ಉಪ್ಪು ಹಾಕಿದರೆ ಪಕ್ಕದ ಕರಿಬೇವು, ನುಗ್ಗೆ, ದಾಸವಾಳ ಮೊದಲು ಹೋಗುತ್ತವೆ, ಮಣ್ಣು ಗಟ್ಟಿ ಕಟ್ಟಿಕೊಳ್ಳುತ್ತದೆ. ಸುರಿದದ್ದಾಗಿದೆ, ಇನ್ನು ಸುರಿಯಬೇಡಿ. ಮಳೆಗಾಲದಲ್ಲಿ ಆ ಜಾಗದಲ್ಲಿ ನೀರು ನಿಲ್ಲದೆ ಇಂಗಿ ಹೋಗುವಂತೆ ಮಾಡಿದರೆ ಉಪ್ಪು ನಿಧಾನವಾಗಿ ಕೆಳಗಿಳಿಯುತ್ತದೆ. ಸೀಮೆಎಣ್ಣೆ, ಡೀಸೆಲ್, ಹಳೆಯ ಆಯಿಲ್ ಎಂದು ಯಾರಾದರೂ ಹೇಳಿದರೆ ಅದಕ್ಕೂ ಇದೇ ಉತ್ತರ. ಸಂಪಿನ ಪಕ್ಕ ಅಂಥದ್ದನ್ನು ಸುರಿಯುವ ಯೋಚನೆಯೇ ಬೇಡ, ಆ ನೀರನ್ನು ಕುಡಿಯುವವರು ನೀವೇ.

ಇನ್ನು ಬಿದಿರಿನ ವಿಚಾರಕ್ಕೆ ಬರೋಣ. ನಿಮ್ಮ ಮನೆಯಲ್ಲಿರುವುದು ಎರಡು ಬೇರೆ ಬೇರೆ ಜಾತಿಯ ಬಿದಿರು, ಎರಡಕ್ಕೂ ಮದ್ದು ಬೇರೆ. ಇಂಟರ್ನೆಟ್ಟಿನಲ್ಲಿ ಓದಿದವರು ಗಾಬರಿಯಾಗುವುದು ಇಲ್ಲಿಯೇ. ಅಮೆರಿಕ, ಇಂಗ್ಲೆಂಡಿನವರು ಬರೆಯುವುದು ಬಹುತೇಕ ನೆಲದಡಿ ಹರಿಯುವ ಬಿದಿರಿನ ಬಗ್ಗೆ. ನಮ್ಮ ದಕ್ಷಿಣದ ಕಾಡು ಮತ್ತು ಬೇಲಿಗಳಲ್ಲಿರುವ ಹೆಬ್ಬಿದಿರು, ಕಿರುಬಿದಿರು, ಮನೆ ಮುಂದಿನ ಹಳದಿ ಬಿದಿರು ಎಲ್ಲವೂ ಮೆಳೆಗಟ್ಟುವ ಜಾತಿ. ಇವುಗಳ ಗೆಡ್ಡೆ ದಪ್ಪ ಮತ್ತು ಗಿಡ್ಡ. ಪ್ರತಿ ಹೊಸ ಗೆಡ್ಡೆಯೂ ತಾಯಿಯಿಂದ ಸ್ವಲ್ಪವೇ ಆಚೆ ಸರಿದು, ಮೇಲಕ್ಕೆ ಬಾಗಿ, ಒಂದು ಗಳವಾಗಿ ಏಳುತ್ತದೆ. ಹಾಗಾಗಿ ಮೆಳೆ ವರ್ಷಕ್ಕೆ ಒಂದಿಷ್ಟು ಹಿಗ್ಗುತ್ತದೆಯೇ ಹೊರತು ಹತ್ತಡಿ ಆಚೆ ಹೋಗಿ ತಲೆ ಎತ್ತುವುದಿಲ್ಲ. ಹಳದಿ ಬಿದಿರಿನ ಗೆಡ್ಡೆಯ ಕತ್ತು, ಅಂದರೆ ತಾಯಿಗೆ ಸೇರುವ ಸಣ್ಣ ಭಾಗ, ಉಳಿದವುಗಳಿಗಿಂತ ಕೊಂಚ ಉದ್ದ, ಮೆಳೆ ಸ್ವಲ್ಪ ಸಡಿಲ. ಕಾಂಪೌಂಡಿನ ಪಕ್ಕದಲ್ಲೇ ನೆಟ್ಟರೆ ಹನ್ನೆರಡು ವರ್ಷದಲ್ಲಿ ಗೋಡೆಗೆ ಹೆಗಲು ಕೊಡುವುದು ಖಂಡಿತ.

ಹಿತ್ತಲಿನದು ಹಾಸುಗಲ್ಲಿನ ಸಂದಿಯಲ್ಲಿ, ಗೋಡೆಯಾಚೆಯ ಮಡಿಯಲ್ಲಿ ಏಳುತ್ತಿದೆ ಎಂದಿದ್ದೀರಿ. ಅಷ್ಟು ಹೇಳಿದರೆ ಅದು ಹರಿಯುವ ಜಾತಿ ಎಂದು ಬಹುಮಟ್ಟಿಗೆ ತೀರ್ಮಾನಿಸಬಹುದು. ಆದರೂ ಕೈಯಾರೆ ನೋಡಿ. ಒಂದು ಗಳದಲ್ಲಿ ರೆಂಬೆ ಹೊರಟಿರುವ ಗಿಣ್ಣಿನ ಮೇಲ್ಭಾಗಕ್ಕೆ ಹೆಬ್ಬೆರಳು ಒತ್ತಿ ಮೇಲಕ್ಕೆ ಎಳೆಯಿರಿ. ರೆಂಬೆಯ ನೇರಕ್ಕೆ ಉದ್ದುದ್ದ ಒಂದು ತಗ್ಗು, ಗಾಡಿಯ ಗಾಲಿಯ ಗುರುತಿನಂತೆ, ಬೆರಳಿಗೆ ಸಿಕ್ಕಬೇಕು. ಗಿಣ್ಣಿಗೆ ಎರಡೇ ರೆಂಬೆ, ಒಂದು ದಪ್ಪ, ಒಂದು ಸಣ್ಣ. ಇವೆರಡೂ ಇದ್ದರೆ ಅದು ಚೀನಾ ಕಡೆಯಿಂದ ಬಂದ ಹರಿಯುವ ಬಿದಿರು. ಗಳ ಪೂರ್ತಿ ಗುಂಡಗಿದ್ದು, ಗಿಣ್ಣಿನಿಂದ ಗೊಂಚಲು ಗೊಂಚಲು ಸಣ್ಣ ರೆಂಬೆ ಹೊರಟಿದ್ದರೆ ಮೆಳೆ ಜಾತಿ. ಇನ್ನೂ ಅನುಮಾನವಿದ್ದರೆ ದೂರದಲ್ಲಿ ಎದ್ದ ಒಂದು ಮೊಳಕೆಯ ಬುಡವನ್ನು ಗುದ್ದಲಿಯಿಂದ ಕೆದಕಿ. ಬೆರಳು ಗಾತ್ರದ, ಗಿಣ್ಣು ಗಿಣ್ಣಾದ ಹುರಿಯೊಂದು ನೆಲಕ್ಕೆ ಅಡ್ಡಲಾಗಿ ತಾಯಿಗಿಡದ ಕಡೆ ಹೋಗಿದ್ದರೆ ಇನ್ನು ಪರೀಕ್ಷೆ ಸಾಕು. ನರ್ಸರಿಯವರಲ್ಲಿ ಹಲವರು ಎರಡು ಬಗೆಯನ್ನೂ "ಗೋಲ್ಡನ್ ಬ್ಯಾಂಬೂ" ಎಂದೇ ಮಾರುತ್ತಾರೆ. ಕೇಳಿದರೆ "ಮರೆಗೆ ಚೆನ್ನಾಗಿರುತ್ತದೆ ಮೇಡಂ" ಎನ್ನುತ್ತಾರೆ. ಮರೆಗೇನೋ ಚೆನ್ನಾಗಿಯೇ ಇರುತ್ತದೆ.

ಪ್ರತಿ ಬೇಸಿಗೆ ಕಡಿದರೂ ಏಕೆ ಸಾಯಲಿಲ್ಲ? ಬಿದಿರು ಮರವಲ್ಲ, ಹುಲ್ಲಿನ ಕುಟುಂಬದ್ದು. ಅದರ ಜೀವ ನೆಲದಡಿಯ ಗೆಡ್ಡೆಯಲ್ಲಿದೆ. ಎಲೆಗಳು ವರ್ಷವಿಡೀ ಬಿಸಿಲಲ್ಲಿ ತಯಾರಿಸಿದ ಪಿಷ್ಟವೆಲ್ಲ ಗೆಡ್ಡೆಗೂ ಹಳೆಯ ಗಳಗಳಿಗೂ ಹೋಗಿ ಕೂಡಿಕೊಳ್ಳುತ್ತದೆ. ಮುಂಗಾರು ಹತ್ತಿದಾಗ ಹೊಸ ಕಳಲೆ ಹೊರಬರುವುದು ಈ ಕೂಡಿಟ್ಟ ಪಿಷ್ಟದ ಬಲದಿಂದ. ಹೊಸ ಗಳಕ್ಕೆ ಆಗ ಎಲೆಯೇ ಇರುವುದಿಲ್ಲ, ತನ್ನ ಊಟವನ್ನು ತಾನು ಸಂಪಾದಿಸುವುದಿಲ್ಲ. ಹುಟ್ಟುವಾಗಲೇ ಅದರ ದಪ್ಪ ನಿರ್ಧಾರವಾಗಿರುತ್ತದೆ. ಎರಡು ಮೂರು ತಿಂಗಳಲ್ಲಿ ಪೂರ್ತಿ ಎತ್ತರಕ್ಕೆ ಏರಿ, ಆಮೇಲೆ ರೆಂಬೆ ಬಿಡಿಸಿ ಎಲೆ ಹಾಕುತ್ತದೆ. ಕಣಜ ಬರಿದಾಗುವ ಕಾಲ ಇದೊಂದೇ: ಗಳ ಎತ್ತರಕ್ಕೆ ಏರಿದೆ, ಎಲೆ ಇನ್ನೂ ಬಿಚ್ಚಿಲ್ಲ. ನಿಮ್ಮ ಕಡೆ ಲೆಕ್ಕ ಹಾಕಿದರೆ ಆಗಸ್ಟ್ ಕೊನೆ, ಸೆಪ್ಟೆಂಬರ್ ಮೊದಲ ಭಾಗ. ಮಖೆ, ಹುಬ್ಬೆ ಮಳೆಯ ಹೊತ್ತು.

ನೀವು ಕಡಿಸಿದ್ದು ಬೇಸಿಗೆಯಲ್ಲಿ. ಆಗ ಗೆಡ್ಡೆ ತುಂಬಿಕೊಂಡು ಮಳೆಗೆ ಕಾದಿರುತ್ತದೆ. ಮೇಲಿನ ಗಳ ಹೋದರೆ ಅದಕ್ಕೆ ದೊಡ್ಡ ನಷ್ಟವೇನಿಲ್ಲ. ಅದೂ ಅರ್ಧದಷ್ಟನ್ನು ಮಾತ್ರ ಕಡಿಸಿದ್ದೀರಿ, ಉಳಿದರ್ಧ ಎಲೆ ಬಿಟ್ಟು ಎಲ್ಲಕ್ಕೂ ಉಣಿಸಿದೆ. ಬಿದಿರು ಬೆಳೆಗಾರರು ಮೆಳೆ ಚೆನ್ನಾಗಿರಲಿ ಎಂದು ಹಳೆಯ ಗಳಗಳನ್ನು ಹೀಗೆಯೇ ತೆಳುಮಾಡುತ್ತಾರೆ. ಇಷ್ಟು ವರ್ಷ ನೀವು ಮಾಡಿದ್ದು ನಾಶವಲ್ಲ, ಆರೈಕೆ!

ಇನ್ನೊಂದು ವಿಷಯ ನಿಮ್ಮ ಪತ್ರದಲ್ಲಿಲ್ಲ, ನಾನೇ ಕೇಳುತ್ತೇನೆ. ಮೆಳೆಯ ಬುಡಕ್ಕೆ ಬಚ್ಚಲ ನೀರೋ, ಬಟ್ಟೆ ಒಗೆದ ನೀರೋ, ನೀರು ಶುದ್ಧೀಕರಿಸುವ ಯಂತ್ರದ ವ್ಯರ್ಥ ನೀರೋ ಹೋಗುತ್ತಿದೆಯೇ ನೋಡಿ. ಚಿಕ್ಕಬಳ್ಳಾಪುರ, ಕೋಲಾರದ ಬಯಲಿನಲ್ಲಿ ಮನೆಯ ಬಿದಿರು ಇಷ್ಟು ಕೊಬ್ಬುವುದಕ್ಕೆ ಮಳೆಯೊಂದೇ ಕಾರಣವಾಗಿರುವುದು ಅಪರೂಪ. ಬಹುಪಾಲು ಮನೆಗಳಲ್ಲಿ ಎಲ್ಲೋ ಒಂದು ಪೈಪು ಅದರ ಬಾಯಿಗೆ ತೆರೆದಿರುತ್ತದೆ. ಆ ಪೈಪನ್ನು ಇಂದೇ ತೆಂಗಿನ ಬುಡಕ್ಕೋ ಬಾಳೆಗೋ ತಿರುಗಿಸಿ. ಸಂಪಿನ ಗೋಡೆ ಒಸರುತ್ತಿದ್ದರೆ ಹಿತ್ತಲಿನ ಬಿದಿರಿಗೆ ಅದೇ ನೀರಾವರಿ.

ಮುಂದಿನ ಮೆಳೆಯನ್ನು ಅಗೆದೇ ತೆಗೆಯಬೇಕು ಎಂಬುದು ನನ್ನ ಸಲಹೆ. ಕಣಜ ಬರಿದಾದ ಹೊತ್ತಿನಲ್ಲಿ ಎಲ್ಲ ಗಳಗಳನ್ನೂ ಕಡಿದು ಉಪವಾಸ ಕೆಡವಿ ಸಾಯಿಸಬಹುದು, ಆದರೆ ಗೋಡೆ ಈಗಾಗಲೇ ಬಿರುಕು ಬಿಟ್ಟಿದೆ, ಅಷ್ಟು ಕಾಯುವುದು ಬೇಡ. ಜೆಸಿಬಿ ಬರಲಾರದು ಎಂಬ ಕೊರಗು ಬಿಡಿ. ಗೋಡೆ, ನೀರಿನ ಪೈಪು, ಒಳಚರಂಡಿ ಎಲ್ಲ ಎರಡು ಮೂರು ಅಡಿಯೊಳಗಿರುವ ಜಾಗದಲ್ಲಿ ಅದರ ಬಕೆಟ್ಟು ಉಪಕಾರಕ್ಕಿಂತ ಅಪಕಾರವನ್ನೇ ಹೆಚ್ಚು ಮಾಡುತ್ತದೆ. ಗೆಡ್ಡೆಯನ್ನು ಚೂರು ಚೂರು ಮಾಡಿ ಮಣ್ಣಿನಲ್ಲಿ ಬೆರೆಸಿಯೂ ಬಿಡುತ್ತದೆ. ಹಾರೆ, ಪಿಕಾಸಿ, ಕೊಡಲಿ ಹಿಡಿಯಬಲ್ಲ ಇಬ್ಬರು ಆಳು ಸಾಕು. ಕೂಲಿಯನ್ನು ದಿನದ ಲೆಕ್ಕದಲ್ಲಿ ಮಾತನಾಡಬೇಡಿ, "ಮೆಳೆ ಪೂರ್ತಿ ತೆಗೆದು, ಗೆಡ್ಡೆ ಹೊರಗೆ ಹಾಕಿ, ಗುಂಡಿ ಮುಚ್ಚುವ ತನಕ" ಎಂದು ಗುತ್ತಿಗೆ ಮಾತನಾಡಿ. ದಿನಗೂಲಿಯಾದರೆ ಮೇಲಿನ ಗಳ ಕಡಿಯುವುದರಲ್ಲೇ ಉತ್ಸಾಹವೆಲ್ಲ ಮುಗಿಯುತ್ತದೆ, ನಿಜವಾದ ಕೆಲಸ ಶುರುವಾಗುವುದು ಅದಾದ ಮೇಲೆ.

ಯಾವಾಗ? ನಿಮ್ಮ ಕಡೆಯ ಕೆಂಪು ಮಣ್ಣು ಏಪ್ರಿಲ್‌ನಲ್ಲಿ ಕಲ್ಲಿನ ಹಾಗೆ ಇರುತ್ತದೆ, ಅದರ ಕೆಳಗೆ ಗರಸು. ಪಿಕಾಸಿ ಬಿದ್ದರೆ ಕಿಡಿ ಏಳುತ್ತದೆ. ಒಂದೆರಡು ಹದ ಮಳೆ ಬಿದ್ದ ಮೇಲೆ ಹಿಡಿಯಿರಿ. ಮಳೆ ಕೈಕೊಟ್ಟರೆ ಹಿಂದಿನ ಸಂಜೆ ಮೆಳೆಯ ಸುತ್ತ ನೀರು ನಿಲ್ಲಿಸಿ ನೆನೆಯಲು ಬಿಡಿ. ಗರಸಿನಿಂದ ಒಂದು ಲಾಭವೂ ಇದೆ: ಗೆಡ್ಡೆ ಆಳಕ್ಕೆ ಇಳಿದಿರುವುದಿಲ್ಲ. ಸಾಮಾನ್ಯವಾಗಿ ಮೇಲಿನ ಒಂದೂವರೆ, ಎರಡು ಅಡಿಯಲ್ಲೇ ಎಲ್ಲ ಸಿಗುತ್ತದೆ. ಅದರ ಕೆಳಗೆ ಇಳಿದಿರುವುದು ದಾರದಂಥ ಬೇರು. ಆ ಬೇರು ಉಳಿದರೆ ಚಿಂತೆಯಿಲ್ಲ, ಬರೀ ಬೇರಿನಿಂದ ಬಿದಿರು ಚಿಗುರುವುದಿಲ್ಲ. ಕಣ್ಣಿರುವುದು ಗೆಡ್ಡೆಯಲ್ಲಿ ಮತ್ತು ಗಳದ ಬುಡದಲ್ಲಿ.

ಕಡಿಯುವ ಮೊದಲು ಎರಡು ಎಚ್ಚರ. ತಂತಿಯ ಹತ್ತಿರ ಹೋದ ಗಳಗಳನ್ನು ನಿಮ್ಮ ಆಳುಗಳಿಂದ ಕಡಿಸಬೇಡಿ. ಹಸಿ ಬಿದಿರಿನ ಮೈಯೆಲ್ಲ ನೀರಿನಂಶ, ವಿದ್ಯುತ್ ಹರಿಯುತ್ತದೆ. ಅದೂ ಅಲ್ಲದೆ ಬಾಗಿದ ಗಳ ಕಡಿದೊಡನೆ ಯಾವ ಕಡೆ ಚಿಮ್ಮುತ್ತದೆಂದು ಹೇಳಲಾಗದು. ಬೆಸ್ಕಾಂ ಶಾಖಾ ಕಚೇರಿಗೆ ಅರ್ಜಿ ಕೊಟ್ಟು, ಲೈನ್ ನಿಲ್ಲಿಸಿದ ಮೇಲೆಯೇ ಕೊಡಲಿ ಹಾಕಿಸಿ. ಎರಡನೆಯದು ಹಾವು. ವರ್ಷಗಟ್ಟಲೆ ಬಿದ್ದ ಬಿದಿರೆಲೆಯ ದಪ್ಪ ಹಾಸಿನಲ್ಲಿ ಇಲಿ ಇರುತ್ತದೆ, ಇಲಿಯ ಹಿಂದೆ ನಾಗರವೋ ಕೊಳಕುಮಂಡಲವೋ ಬಂದಿರುತ್ತದೆ. ಮೊದಲು ಉದ್ದನೆಯ ಕೋಲಿನಿಂದ ಎಲೆಯನ್ನು ಎಳೆದು ಚೊಕ್ಕ ಮಾಡಿ, ಬೂಟು ಹಾಕದೆ ಯಾರನ್ನೂ ಮೆಳೆಯೊಳಗೆ ಬಿಡಬೇಡಿ. ಹೊಸ ಗಳದ ಹೊರಹಾಳೆಗಳ ಮೇಲೆ ಕಂದು ಬಣ್ಣದ ಸಣ್ಣ ರೋಮವಿರುತ್ತದೆ, ಚರ್ಮಕ್ಕೆ ತಾಗಿದರೆ ದಿನವಿಡೀ ನವೆ. ತುಂಬುತೋಳಿನ ಅಂಗಿ, ಕೈಗವಸು ಇರಲಿ.

ಗಳಗಳನ್ನು ನೆಲಸಮ ಕಡಿಸಬೇಡಿ. ಮೂರಡಿ ಮೋಟು ಉಳಿಸಿ. ಅಲ್ಲಾಡಿಸಿ, ಮೀಟಿ ತೆಗೆಯಲು ಆ ಮೋಟೇ ಹಿಡಿಕೆ. ಆಮೇಲೆ ಮೆಳೆಯ ಹೊರ ಅಂಚಿನಿಂದ ಒಂದೂವರೆ ಅಡಿ ಬಿಟ್ಟು ಸುತ್ತ ಕಾಲುವೆ ತೋಡಿಸಿ, ಎರಡು ಅಡಿ ಆಳ. ಎಲ್ಲರೂ ನಡುವಿನಿಂದ ಶುರು ಮಾಡುತ್ತಾರೆ. ನಡುವೆ ಇರುವುದು ಹನ್ನೆರಡು ವರ್ಷದ ಮುದಿ ಗೆಡ್ಡೆ, ಒಂದರೊಳಗೊಂದು ಹೆಣೆದುಕೊಂಡು ಕೊಡಲಿಗೂ ಬಗ್ಗುವುದಿಲ್ಲ, ಬಹುಪಾಲು ಚಿಗುರುವ ಶಕ್ತಿಯನ್ನೂ ಕಳೆದುಕೊಂಡಿರುತ್ತದೆ. ಮುಂದಿನ ಮಳೆಗೆ ಕಳಲೆ ಕೊಡುವುದು ಅಂಚಿನಲ್ಲಿರುವ ಒಂದೆರಡು ವರ್ಷದ ಗೆಡ್ಡೆಗಳು. ಕಾಲುವೆಯಲ್ಲಿ ಕುಳಿತು ನೋಡಿದರೆ ಅವು ಕಣ್ಣಿಗೆ ಕಾಣುತ್ತವೆ: ತಿಳಿ ಬಣ್ಣ, ಮೈಮೇಲೆ ಬಳೆ ಬಳೆಯಾಗಿ ಗೆರೆ, ಎರಡೂ ಪಕ್ಕದಲ್ಲಿ ಚೂಪಾದ ಕಣ್ಣುಗಳು, ಹಿಂದಕ್ಕೆ ಸಣ್ಣದಾದ ಒಂದು ಕತ್ತು. ಆ ಕತ್ತಿಗೆ ಕೊಡಲಿಯಿಂದ ಒಂದೆರಡು ಏಟು ಹಾಕಿ, ಮೋಟನ್ನು ಹಿಡಿದು ಹಾರೆಯಿಂದ ಮೀಟಿದರೆ ಗೆಡ್ಡೆ ಸಮೇತ ಹೊರಬರುತ್ತದೆ. ಒಂದು ಸುತ್ತು ಮುಗಿದ ಮೇಲೆ ಅದರ ಒಳಗಿನ ಸುತ್ತು. ಹೀಗೆ ಹೊರಗಿನಿಂದ ಒಳಕ್ಕೆ ಹೋದರೆ ನಡುವಿನ ಗಂಟು ಕೊನೆಗೆ ಒಂಟಿಯಾಗುತ್ತದೆ. ಅದು ಜಪ್ಪಯ್ಯ ಎಂದರೂ ಏಳದಿದ್ದರೆ ಮೂರು ಕಾಲಿನ ಮುಕ್ಕಾಲಿ ನಿಲ್ಲಿಸಿ ಚೈನ್ ಪುಲ್ಲಿಯಿಂದ ಎತ್ತಿಸಬಹುದು. ಪುಲ್ಲಿಯನ್ನು ಕಾಂಪೌಂಡಿನ ಕಂಬಕ್ಕೆ ಮಾತ್ರ ಕಟ್ಟಬೇಡಿ. ಅಥವಾ ಆ ಗಂಟನ್ನು ಅಲ್ಲೇ ಬಿಟ್ಟು, ಚಿಗುರಿದಾಗಲೆಲ್ಲ ಮುರಿಯುತ್ತಾ ಹೋದರೂ ನಡೆಯುತ್ತದೆ.

ಗೋಡೆಯ ಕಡೆ ಮಾತ್ರ ಒಂದೇ ದಿನ ಉದ್ದಕ್ಕೆ ಅಗೆಸಬೇಡಿ. ನಮ್ಮ ಕಡೆಯ ಕಾಂಪೌಂಡುಗಳ ಅಡಿಪಾಯ ಹೆಚ್ಚು ಆಳದ್ದಲ್ಲ. ಪಕ್ಕದ ಮಣ್ಣನ್ನು ಒಮ್ಮೆಗೇ ತೆಗೆದರೆ ಬಿರುಕು ಬಿಟ್ಟ ಗೋಡೆ ಹಾಗೆಯೇ ಮಲಗಿಬಿಡಬಹುದು, ಕೆಳಗೆ ಆಳು ಕುಳಿತಿರುತ್ತಾನೆ. ಮೂರು ನಾಲ್ಕು ಅಡಿ ಅಗೆದು, ಗೆಡ್ಡೆ ತೆಗೆದು, ಮಣ್ಣು ತುಂಬಿ ದಿಮ್ಮಸು ಮಾಡಿ, ಆಮೇಲೆ ಮುಂದಿನ ಮೂರಡಿ. ಅಡಿಪಾಯದ ಕಲ್ಲಿನ ಅಡಿಗೆ ನುಗ್ಗಿದ ಗೆಡ್ಡೆಯನ್ನು ಎಳೆಯಲು ಹೋಗಬೇಡಿ, ಗೋಡೆಯ ಸಮಕ್ಕೆ ಕಡಿದು ಬಿಡಿ. ತಾಯಿಯಿಂದ ಬೇರ್ಪಟ್ಟ ತುಂಡಿಗೆ ಒಂದೋ ಎರಡೋ ಬಡಕಲು ಚಿಗುರು ಹೊರಹಾಕುವಷ್ಟು ಶಕ್ತಿ ಇರುತ್ತದೆ. ಅವನ್ನು ಎಲೆ ಬಿಡುವ ಮೊದಲು ಮುರಿದರೆ ಅದರ ಕಥೆ ಮುಗಿಯುತ್ತದೆ. ಗೋಡೆಯ ದುರಸ್ತಿಯನ್ನು ಈ ವರ್ಷವೇ ಮಾಡಿಸಬೇಡಿ. ಒಂದು ಮಳೆಗಾಲ ಕಳೆದು ಮಣ್ಣು ಕುಸಿದು ಕೂರಲಿ. ಗೋಡೆ ವಾಲಿದ್ದರೆ ಮಾತ್ರ ಕಾಯದೆ ಮೇಸ್ತ್ರಿಗೆ ತೋರಿಸಿ.

ಹಿತ್ತಲಿನ ಹರಿಯುವ ಬಿದಿರಿಗೆ ಬೇರೆ ವರಸೆ. ಇಲ್ಲಿ ಶಕ್ತಿಗಿಂತ ತಾಳ್ಮೆ ಹೆಚ್ಚು ಬೇಕು. ಇದರ ಗೆಡ್ಡೆ ಅರ್ಧ ಅಡಿಯಿಂದ ಒಂದು ಅಡಿ ಆಳದಲ್ಲಿ ಅಡ್ಡಡ್ಡ ಓಡುತ್ತದೆ, ಪ್ರತಿ ಗಿಣ್ಣಿನಲ್ಲೂ ಒಂದು ಕಣ್ಣು. ಗೇಣುದ್ದದ ತುಂಡು ಉಳಿದರೂ ಅದು ಹೊಸ ಗಿಡವಾಗಬಲ್ಲದು. ಎಲ್ಲ ಗಳಗಳನ್ನೂ, ಪಕ್ಕದವರ ಮಡಿಯಲ್ಲಿರುವುದನ್ನೂ ಸೇರಿಸಿ, ಒಂದೇ ದಿನ ಕಡಿದು ಹಾಕಬೇಕು. ಒಂದು ಕಡೆ ಹಸಿರು ಉಳಿದರೆ ಅದು ಇನ್ನೊಂದು ಕಡೆಗೆ ಉಣಿಸುತ್ತಲೇ ಇರುತ್ತದೆ, ಎರಡೂ ಮನೆಯ ಬಿದಿರು ನೆಲದಡಿ ಒಂದೇ ಗಿಡ. ಆದ್ದರಿಂದ ಪಕ್ಕದ ಮನೆಯವರ ಹತ್ತಿರ ಹೋಗಿ ಮಾತನಾಡುವುದು ಈ ಕೆಲಸದ ಮೊದಲ ಹೆಜ್ಜೆ. ಅವರು ತಮ್ಮ ಪಾಡಿಗೆ ಮೊಳಕೆ ಮುರಿಯುತ್ತಾ, ನೀವು ನಿಮ್ಮ ಪಾಡಿಗೆ ಮುರಿಯುತ್ತಾ ಕುಳಿತರೆ ಇಬ್ಬರಿಗೂ ಕೆಲಸ ತಪ್ಪುವುದಿಲ್ಲ. ಮಡಿ ಅಗೆದು ಗೆಡ್ಡೆ ತೆಗೆದು, ಗೊಬ್ಬರ ಹಾಕಿ ಮತ್ತೆ ಮಡಿ ಕಟ್ಟಿಸಿಕೊಡುವ ಖರ್ಚು ನಿಮ್ಮದು ಎಂದು ಹೇಳಿಬಿಡಿ. ಗಿಡ ನೆಟ್ಟವರು ನೀವು. ಟೊಮೆಟೊ ಸಸಿ ಹಾಕುವ ಮುಂಚೆ ಕೇಳಿದರೆ ಒಪ್ಪುತ್ತಾರೆ, ಕಾಯಿ ಬಿಟ್ಟಾಗ ಕೇಳಿದರೆ ಒಪ್ಪುವುದಿಲ್ಲ.

ಹಾಸುಗಲ್ಲನ್ನು ಎಬ್ಬಿಸಿ. ಗೆಡ್ಡೆಯ ಒಂದು ತುದಿಯನ್ನು ಹಿಡಿದು ಪಿಕಾಸಿಯಿಂದ ಮಣ್ಣು ಸಡಿಲಿಸುತ್ತಾ ಹುರಿ ಹೋದ ದಾರಿಯಲ್ಲೇ ಹೋಗಿ. ಎಳೆದು ತುಂಡರಿಸಬೇಡಿ, ತುಂಡಾದದ್ದು ಒಳಗೆ ಉಳಿಯುತ್ತದೆ. ಸಂಪಿನ ಹತ್ತಿರ ಪಿಕಾಸಿ ಕೆಳಗಿಟ್ಟು ಕೈಗುದ್ದಲಿ ಹಿಡಿಯಿರಿ. ಗಟ್ಟಿಯಾದ ಕಾಂಕ್ರೀಟನ್ನು ಒಡೆದುಕೊಂಡು ಹೋಗುವ ತಾಕತ್ತು ಗೆಡ್ಡೆಗಿಲ್ಲ, ಆದರೆ ಗಿಲಾವು ಬಿಟ್ಟ ಇಟ್ಟಿಗೆ ಸಂದು ಸಿಕ್ಕರೆ ಸಾಕು, ನುಗ್ಗುತ್ತದೆ. ಅಗೆದಾದ ಮೇಲೆ ಸಂಪನ್ನು ಖಾಲಿ ಮಾಡಿ ಒಳಗೋಡೆಯಲ್ಲಿ ತೇವದ ಕಲೆ, ಕೂದಲಂಥ ಬೇರು ಇದೆಯೇ ನೋಡಿ, ಇದ್ದರೆ ಅಲ್ಲಿಗೆ ಹೊಸ ಗಿಲಾವು.

ಎಷ್ಟೇ ಜಾಗ್ರತೆ ಮಾಡಿದರೂ ತುಂಡುಗಳು ಉಳಿಯುತ್ತವೆ. ಅವು ಮುಂದಿನ ಮಳೆಗೆ ತಾವಾಗಿಯೇ ತಲೆ ಎತ್ತಿ ವಿಳಾಸ ಕೊಡುತ್ತವೆ. ಅಲ್ಲಿ ಅಗೆಯಿರಿ. ಅಗೆಯಲಾಗದ ಕಡೆ ಮೊಳಕೆ ಒಂದು ಅಡಿಯಿಂದ ಎರಡು ಅಡಿ ಬರುವ ತನಕ ಬಿಟ್ಟು ಕಾಲಿನಿಂದ ಒದ್ದು ಮುರಿಯಿರಿ, ಎಳೆಯದಾದ್ದರಿಂದ ಬುಡಕ್ಕೇ ಮುರಿಯುತ್ತದೆ. ಅಂಗುಲ ಇದ್ದಾಗಲೇ ಚಿವುಟಿದರೆ ಕಣಜದಿಂದ ಹೆಚ್ಚು ಖರ್ಚಾಗಿರುವುದಿಲ್ಲ. ಎಲೆ ಬಿಚ್ಚಿದ ಮೇಲೆ ಮುರಿದರೆ ಖರ್ಚಾದದ್ದು ಮರಳಿ ಜಮೆಯಾಗಿರುತ್ತದೆ. ಎರಡು ಮೂರು ವರ್ಷ ಒಂದು ಎಲೆಯನ್ನೂ ಬಿಡಿಸಲು ಬಿಡದಿದ್ದರೆ ಇದು ಸಾಯುತ್ತದೆ. ನಡುವೆ ಒಂದು ಬೇಸಿಗೆ ರಜೆಗೆಂದು ಊರಿಗೆ ಹೋಗಿ ಬರುವಷ್ಟರಲ್ಲಿ ನಾಲ್ಕು ಗಳ ಎಲೆ ಬಿಟ್ಟಿದ್ದರೆ ಲೆಕ್ಕ ಮತ್ತೆ ಮೊದಲಿನಿಂದ. ಅಷ್ಟರವರೆಗೆ ಗಡಿಯಲ್ಲಿ ಒಂದು ಅಡಿ ಅಗಲ, ಒಂದು ಅಡಿಗಿಂತ ಕೊಂಚ ಹೆಚ್ಚು ಆಳದ ಕಾಲುವೆ ತೋಡಿ ಎಂ-ಸ್ಯಾಂಡ್ ತುಂಬಿಡಿ. ವರ್ಷಕ್ಕೆ ಎರಡು ಸಲ ಮರಳನ್ನು ಕೆದಕಿ, ದಾಟುತ್ತಿರುವ ಗೆಡ್ಡೆಯನ್ನು ಕತ್ತರಿಸಬಹುದು. ಎರಡು, ಎರಡೂವರೆ ಅಡಿ ಆಳಕ್ಕೆ ದಪ್ಪ ಪ್ಲಾಸ್ಟಿಕ್ ಹಾಳೆ ನಿಲ್ಲಿಸುವ ಕ್ರಮವೂ ಉಂಟು, ಆದರೆ ಅದು ಬಿದಿರನ್ನು ಉಳಿಸಿಕೊಳ್ಳುವವರಿಗೆ. ಚಪ್ಪಡಿ ಕಲ್ಲು ಹೂಳಿ ತಡೆಯುತ್ತೇವೆ ಎಂದು ಕೆಲವರು ಹೊರಡುತ್ತಾರೆ. ಎರಡು ಚಪ್ಪಡಿಯ ನಡುವಿನ ಸಂದು ಬಿದಿರಿಗೆ ಹೆದ್ದಾರಿ.

ಕಳೆನಾಶಕದ ಬಗ್ಗೆ ನೀವು ಕೇಳಿಲ್ಲ, ಆದರೆ ಆಸಿಡ್ ಹೇಳಿದವರು ನಾಳೆ ಇದನ್ನೂ ಹೇಳುತ್ತಾರೆ. ಬಿದಿರಿಗೆ ಸಾಮಾನ್ಯವಾಗಿ ಬಳಸುವುದು ಗ್ಲೈಫೋಸೇಟ್. 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಇದರ ಬಳಕೆಯನ್ನು ನಿರ್ಬಂಧಿಸಿ, ಪರವಾನಗಿ ಇರುವ ಕೀಟನಿಯಂತ್ರಣ ನಿರ್ವಾಹಕರು ಮಾತ್ರ ಪ್ರಯೋಗಿಸಬೇಕೆಂದು ಆದೇಶ ಹೊರಡಿಸಿತು. ಅಂಗಡಿಯಿಂದ ತಂದು ಮಗ್ಗಿನಲ್ಲಿ ಕಲಸಿ ಸುರಿಯುವ ವಸ್ತು ಅದಲ್ಲ. ಸುರಿದರೆ ಫಲವೂ ಇಲ್ಲ, ಮಣ್ಣಿಗೆ ತಾಗಿದೊಡನೆ ಮಣ್ಣಿನ ಕಣಕ್ಕೆ ಅಂಟಿಕೊಂಡು ನಿಷ್ಕ್ರಿಯವಾಗುತ್ತದೆ. ಕೆಲಸ ಮಾಡುವುದು ಹಸಿರೆಲೆಯ ಮೂಲಕ, ಇಲ್ಲವೇ ಆಗತಾನೇ ಕಡಿದ ಹಸಿ ಮೋಟಿನ ಮೂಲಕ. ಸಂಪು, ತರಕಾರಿ ಮಡಿ ಎರಡೂ ಕೈಯಳತೆಯಲ್ಲಿರುವ ನಿಮ್ಮ ಹಿತ್ತಲಿಗೆ ನಾನು ಇದನ್ನು ಸೂಚಿಸುವುದಿಲ್ಲ. ಬೇರೆ ದಾರಿಯೇ ಇಲ್ಲವೆನಿಸಿದರೆ ಚಿಂತಾಮಣಿಯ ಕುರುಬೂರಿನಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ. ಒಂದು ಗಳದ ತುಂಡು, ಒಂದು ಗೆಡ್ಡೆ ಹಿಡಿದುಕೊಂಡು ಹೋಗಿ ತೋರಿಸಿ.

ಕಾನೂನಿನ ಭಯ ಹಲವರಿಗಿದೆ. 2017ರಲ್ಲಿ ಭಾರತೀಯ ಅರಣ್ಯ ಕಾಯ್ದೆಗೆ ತಂದ ತಿದ್ದುಪಡಿಯಿಂದ, ಅರಣ್ಯವಲ್ಲದ ಜಾಗದಲ್ಲಿ ಬೆಳೆದ ಬಿದಿರು ಆ ಕಾಯ್ದೆಯ "ಮರ"ದ ವ್ಯಾಖ್ಯೆಯಿಂದ ಹೊರಬಿದ್ದಿದೆ. ಗಳಗಳನ್ನು ಲಾರಿಯಲ್ಲೋ ಟ್ರ್ಯಾಕ್ಟರಿನಲ್ಲೋ ಬೇರೆ ಊರಿಗೆ ಸಾಗಿಸುವುದಾದರೆ ಮಾತ್ರ ಒಮ್ಮೆ ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ಹೇಳಿ ಹೋಗಿ, ದಾರಿಯಲ್ಲಿ ನಿಲ್ಲಿಸಿ ಕೇಳಿದವರಿಗೆ ಉತ್ತರ ಹುಡುಕುವುದು ತಪ್ಪುತ್ತದೆ.

ಕಡಿದ ಗಳಕ್ಕೆ ನಿಮ್ಮ ಸೀಮೆಯಲ್ಲಿ ಗಿರಾಕಿ ಇಲ್ಲದಿಲ್ಲ. ಟೊಮೆಟೊ, ಹುರುಳಿಕಾಯಿಗೆ ಊರುಗೋಲು ಬೇಕು, ಹಾಗಲ, ಹೀರೆಗೆ ಚಪ್ಪರ ಬೇಕು. ಆದರೆ ಒಂದು ಮಾತು: ಹಳದಿ ಬಿದಿರಿನ ಹಸಿ ಗಳವನ್ನು ನೆಟ್ಟರೆ ಗಿಣ್ಣಿನಲ್ಲಿ ಬೇರು ಬಿಡುತ್ತದೆ. ಇಲ್ಲಿ ತೆಗೆದ ಪೀಡೆಯನ್ನು ಇನ್ನೊಬ್ಬರ ತೋಟಕ್ಕೆ ಸಾಗಹಾಕಿದಂತಾದೀತು. ನೆರಳಿನಲ್ಲಿ ನೆಲಕ್ಕೆ ತಾಗದಂತೆ ಪೂರ್ತಿ ಒಣಗಿಸಿದ ಮೇಲೆಯೇ ಕೊಡಿ. ಶಿಡ್ಲಘಟ್ಟ, ಚಿಂತಾಮಣಿಯ ರೇಷ್ಮೆ ಮನೆಗಳಲ್ಲಿ ಹುಳು ಗೂಡು ಕಟ್ಟುವ ಚಂದ್ರಿಕೆಗೆ, ತಟ್ಟೆಗೆ ಬಿದಿರು ಬೇಕಾಗುತ್ತಿತ್ತು. ಪ್ಲಾಸ್ಟಿಕ್ ನೇತ್ರಿಕೆ ಬಂದ ಮೇಲೆ ಆ ಬೇಡಿಕೆ ಇಳಿದಿದೆ. ಹಳದಿ ಬಿದಿರಿನ ಮೇಲೆ ಮೇದರಿಗೆ ಅಂಥ ಆಸೆಯೂ ಇಲ್ಲ, ಹೆಣಿಗೆಗೆ ಅದು ಚೆನ್ನಾಗಿ ಸೀಳಿಕೊಡುವುದಿಲ್ಲ, ಪಿಷ್ಟ ಹೆಚ್ಚಿರುವುದರಿಂದ ಬೇಗ ಹುಳ ಹಿಡಿದು ಹಿಟ್ಟು ಉದುರುತ್ತದೆ. ಅಮಾವಾಸ್ಯೆಯ ಕಡೆಗೆ ಕಡಿದರೆ ಹುಳ ಹಿಡಿಯುವುದಿಲ್ಲ ಎಂಬ ನಂಬಿಕೆ ಇದೆ. ಅದಕ್ಕಿಂತ ಕೆಲವು ವಾರ ಕೆರೆಯಲ್ಲೋ ತೊಟ್ಟಿಯಲ್ಲೋ ಮುಳುಗಿಸಿಟ್ಟು ಒಣಗಿಸುವ ಹಳೆಯ ಪದ್ಧತಿ ಹೆಚ್ಚು ಖಚಿತ, ಪಿಷ್ಟ ನೀರಿಗೆ ಬಿಟ್ಟುಕೊಳ್ಳುತ್ತದೆ.

ಬೆಂಕಿ ಮಾತ್ರ ಹಚ್ಚಬೇಡಿ. ಗಿಣ್ಣುಗಳ ನಡುವೆ ಸಿಕ್ಕ ಗಾಳಿ ಕಾದು ಪಟಾಕಿಯಂತೆ ಸಿಡಿದು ಕೆಂಡ ಎರಚುತ್ತದೆ. ಅಗೆದು ತೆಗೆದ ಗೆಡ್ಡೆಯನ್ನು ಕಸದ ಗಾಡಿಗೋ ಕೆರೆ ಏರಿಗೋ ಎಸೆಯುವುದೂ ಬೇಡ, ತೇವ ಸಿಕ್ಕಲ್ಲಿ ಅದು ಮತ್ತೆ ಸಂಸಾರ 

ಹೂಡುತ್ತದೆ. ತಾರಸಿಯ ಮೇಲೋ ಚಪ್ಪಡಿಯ ಮೇಲೋ ಹರಡಿ ಬಿಸಿಲಿಗೆ ಒಣಗಲು ಬಿಡಿ. ಕೊಡಲಿ ಹಾಕಿದರೆ ಒಳಗೆಲ್ಲ ಕಂದಾಗಿ, ಒಣಕಟ್ಟಿಗೆಯ ಸದ್ದು ಬಂದ ಮೇಲೆ ನೀರೊಲೆಗೆ ಉಪಯೋಗವಾಗುತ್ತದೆ. ಕಳಲೆಯನ್ನು ಅಡುಗೆಗೆ ಬಳಸಬಹುದೇ ಎಂದು ಕೇಳುವವರಿದ್ದಾರೆ. ಮಲೆನಾಡಿನವರು ತಿನ್ನುವುದು ಕಾಡಿನ ಬಿದಿರಿನ ಕಳಲೆ, ಅದನ್ನೂ ತೆಳುವಾಗಿ ಹೆಚ್ಚಿ ದಿನವೂ ನೀರು ಬದಲಿಸಿ ನೆನೆಸಿ, ಬೇಯಿಸಿದ ನೀರು ಚೆಲ್ಲಿ. ಹಸಿ ಕಳಲೆಯಲ್ಲಿ ಸಯನೈಡ್ ಬಿಡುಗಡೆ ಮಾಡುವ ಅಂಶವಿದೆ. ಹಳದಿ ಬಿದಿರಿನದು ಕಹಿ, ಅಭ್ಯಾಸವಿಲ್ಲದವರು ಅದರ ತಂಟೆಗೆ ಹೋಗದಿರುವುದೇ ಒಳ್ಳೆಯದು.

ಅತ್ತೆಯವರ ವಿಷಯ. ಮಾವನವರು ಕೈಯಾರೆ ನೆಟ್ಟ ಗಿಡವೆಂಬ ಮಮತೆಗೆ ನಾನು ಎದುರಾಡುವುದಿಲ್ಲ. ಹೊಲವೋ ತೋಟವೋ ಇದ್ದರೆ ದಾರಿ ಸುಲಭ. ಅಂಚಿನಿಂದ ತೆಗೆಯುವಾಗ ಒಂದು ವರ್ಷದ ಗಳವೊಂದನ್ನು ಗೆಡ್ಡೆ, ಬೇರು, ಮಣ್ಣಿನ ಸಮೇತ ಜೋಪಾನವಾಗಿ ಎತ್ತಿಸಿ. ಗಳವನ್ನು ಮೂರು ನಾಲ್ಕು ಅಡಿಗೆ ಕತ್ತರಿಸಿ, ಗೋಣಿಚೀಲ ಸುತ್ತಿ, ಅದೇ ದಿನ ಹೊಲದ ಬದುವಿನಲ್ಲಿ ನೆಡಿಸಿ. ಮನೆ, ಬಾವಿ, ತೊಟ್ಟಿ, ತಂತಿ ಯಾವುದೂ ಮೂವತ್ತು ಅಡಿಯೊಳಗೆ ಇರಬಾರದು. ಮಳೆಗಾಲದಲ್ಲಿ ನೆಟ್ಟರೆ ಹಿಡಿದುಕೊಳ್ಳುತ್ತದೆ. ಹೊಲವಿಲ್ಲದಿದ್ದರೆ ನೆಲದಲ್ಲಿ ಒಂದು ಗಳ ಉಳಿಸಿಕೊಳ್ಳುತ್ತೇವೆ ಎಂಬ ರಾಜಿಗೆ ಮಾತ್ರ ಒಪ್ಪಬೇಡಿ, ಮತ್ತೆ ಹನ್ನೆರಡು ವರ್ಷಕ್ಕೆ ಇದೇ ಪತ್ರ ಬರೆಯಬೇಕಾಗುತ್ತದೆ. ಹೂ ಬಿಟ್ಟು ತಾನಾಗಿಯೇ ಸಾಯಲಿ ಎಂದು ಕಾಯುವ ಮಾತೂ ನಡೆಯದು. ಕಾಡಿನ ಹೆಬ್ಬಿದಿರು ಹಲವು ದಶಕಕ್ಕೊಮ್ಮೆ ಹೂಬಿಟ್ಟು ಬಿದಿರಕ್ಕಿ ಉದುರಿಸಿ ಸಾಯುತ್ತದೆ ನಿಜ, ಹಳದಿ ಬಿದಿರು ಹೂ ಬಿಡುವುದೇ ಅತಿ ವಿರಳ.

ಜಾಗ ಖಾಲಿಯಾದ ಕೂಡಲೇ ಗುಲಾಬಿ, ಮಲ್ಲಿಗೆ ಎಂದು ನೆಡಲು ಹೋಗಬೇಡಿ. ಬಳ್ಳಿಯೂ ಬೇಡ, ಅದರ ಅಡಿಯಲ್ಲಿ ಮೊಳಕೆ ಎದ್ದದ್ದು ಕಾಣುವುದಿಲ್ಲ. ಗುಂಡಿಗೆ ಕೊಟ್ಟಿಗೆ ಗೊಬ್ಬರ ಬೆರೆಸಿದ ಮಣ್ಣು ತುಂಬಿ, ಮೊದಲ ವರ್ಷ ಕೊತ್ತಂಬರಿ, ಮೆಂತ್ಯ, ದಂಟಿನಂಥ ಗಿಡ್ಡ ಸೊಪ್ಪು ಹಾಕಿ. ದಿನ ಬಿಟ್ಟು ದಿನ ಕೀಳಲು ಹೋಗುತ್ತೀರಿ, ನಡುವೆ ಬಿದಿರಿನ ಚೂಪು ಮೂತಿ ಕಂಡರೆ ಆಗಲೇ ಗುದ್ದಲಿ ತರಬಹುದು. ಸಂಪಿನ ಪಕ್ಕದ ಮರೆಗೆ ಎರಡನೆಯ ವರ್ಷ ದಾಸವಾಳವನ್ನೋ ನಂದಿಬಟ್ಟಲನ್ನೋ ಸಾಲಾಗಿ, ಸಂಪಿನಿಂದ ನಾಲ್ಕು ಅಡಿ ದೂರದಲ್ಲಿ ನೆಡಿ. ಮುಂದಿನ ಗೋಡೆಯ ಬಳಿ ಏನು ನೆಟ್ಟರೂ ದುರಸ್ತಿಗೆ ಮೇಸ್ತ್ರಿ ನಿಲ್ಲುವಷ್ಟು ಜಾಗ ಬಿಟ್ಟಿರಿ.